ಅಳಿಸಿದ ಓಣಿ

ಗಲ್ಫ್ ನಗರವೊಂದರ ಅಲ್ ಕೂಜ್ ಬಡಾವಣೆಯ ಕಚೇರಿಯೊಂದರಲ್ಲಿ ಸ್ವರ್ಣಲತಾ ಹನ್ನೊಂದು ವರ್ಷಗಳಿಂದ ಕಟ್ಟಡಗಳ ನಕ್ಷೆ ಬಿಡಿಸುತ್ತಿದ್ದಳು. 2018ರಲ್ಲಿ, ಯುದ್ಧದಲ್ಲಿ ನೆಲಸಮವಾದ ಸಿರಿಯಾದ ಪಟ್ಟಣವೊಂದನ್ನು ಹೊಸದಾಗಿ ಕಟ್ಟುವ ಯೋಜನೆ ಅವಳ ಮೇಜಿಗೆ ಬಂತು. ಬಂಡವಾಳ ಹಾಕುವವರು ಮೂರು ದೇಶಗಳವರು. ಕಚೇರಿಯಲ್ಲಿ ಆ ಪಟ್ಟಣದಲ್ಲಿ ಹುಟ್ಟಿದವಳೆಂದರೆ ಪಕ್ಕದ ಮೇಜಿನ ಮೈಸೂನ್ ಒಬ್ಬಳೇ.

"ಹಳೇ ಮನೆಗಳನ್ನೆಲ್ಲ ನಕ್ಷೆಯಿಂದ ತೆಗೆದು ಬಿಡಿ, ಆಯ್ತಾ? ಅಲ್ಲಿ ಟವರ್ ಬಿಲ್ಡಿಂಗ್‌ಗಳು ಬರ್ತವೆ. ನಾಳೆ ಮೀಟಿಂಗ್," ಎಂದರು ಮ್ಯಾನೇಜರ್ ಮೋಹನದಾಸ್.

"ಮನೆಯವರು ವಾಪಸ್ ಬಂದ್ರೆ ಸರ್?"

"ಅದೆಲ್ಲ ದೊಡ್ಡ ದೊಡ್ಡ ಸರ್ಕಾರದವರು ಕೂತು ತೀರ್ಮಾನ ಮಾಡಿ ಆಗಿದೆ. ಖಲಾಸ್."

ಸ್ವರ್ಣಲತಾ ಮೌಸ್ ಹಿಡಿದಳು, ಕೈ ಓಡಲಿಲ್ಲ. ಮೈಸೂನ್ ಕುರ್ಚಿ ಎಳೆದುಕೊಂಡು ಬಂದು ಪರದೆಯಲ್ಲಿದ್ದ ಓಣಿಯೊಂದರ ಮೇಲೆ ಬೆರಳಿಟ್ಟಳು.

"ಇದು ನಮ್ಮ ಮನೆ. ಇದು ಟೈಲರ್ ಜಮೀಲರದ್ದು," ಎಂದು ಇಂಗ್ಲಿಷಿನಲ್ಲಿ ಹೇಳಿ ಮೌಸಿಗೆ ಕೈ ಚಾಚಿದಳು. "ಇಲ್ಲಿ ಕೊಡು. ಬೇರೆಯವರು ಅಳಿಸುವುದು ಬೇಡ."

ಒಂದೊಂದು ಮನೆಯವರ ಹೆಸರನ್ನೂ ಹೇಳಿಯೇ ಆ ಮನೆ ಅಳಿಸಿದಳು. ಕೆಲವರು ಜರ್ಮನಿಯಲ್ಲಿದ್ದರು, ಕೆಲವರು ಗಡಿಯಾಚೆಯ ಡೇರೆಗಳಲ್ಲಿ. ಹೆಚ್ಚಿನವರು ಮಣ್ಣು ಸೇರಿದ್ದರು. ತನ್ನ ಮನೆಯ ಸರದಿ ಬಂದಾಗ ಮಾತ್ರ ಅವಳು ಯಾರ ಹೆಸರನ್ನೂ ಹೇಳಲಿಲ್ಲ. ಸ್ವರ್ಣಲತಾ ಅವಳ ಭುಜದ ಮೇಲೆ ಕೈಯಿಟ್ಟಳು.

ಮರುದಿನ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಮೋಹನದಾಸ್ ಎಲ್ಲರಿಗೂ ಲಡ್ಡು ಹಂಚಿದರು. ಮೈಸೂನ್ ತನ್ನ ಪಾಲಿನದನ್ನು ತೆಗೆದುಕೊಂಡು "ಶುಕ್ರನ್" ಎಂದು ಅರಬ್ಬಿಯಲ್ಲಿ ಧನ್ಯವಾದ ಹೇಳಿದಳು, ಅದನ್ನು ಕೀಬೋರ್ಡಿನ ಪಕ್ಕಕ್ಕಿಟ್ಟು ಟವರುಗಳ ಕೆಲಸಕ್ಕೆ ಕೂತಳು.