ನಿಂಗಪ್ಪ ಬಿದ್ದ ಕುಣಿ

"ಎಡಕ್ಕ ಗೋಡಿ, ಬಲಕ್ಕ ಗೋಡಿ, ಮುಂದ ಬರೇ ಕತ್ತಲಿ," ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಅಂಬವ್ವ ಬಾಣದ ಗುರುತಿನ ಕೀಲಿ ಒತ್ತಿದಳು. ಪರದೆಯೊಳಗಿನ ಕಲ್ಲಿನ ಓಣಿ ಒಂದು ಹೆಜ್ಜೆ ಹತ್ತಿರ ಬಂತು.

ಮಗಳು ಕಾವೇರಿ ಮದುವೆಯಾಗಿ ಲಕ್ಷ್ಮೇಶ್ವರಕ್ಕೆ ಹೋಗುವಾಗ ಬಿಟ್ಟುಹೋದ ಹಳೇ ಕಂಪ್ಯೂಟರು, ಅದರಲ್ಲೊಂದು ಹಳೇ ಆಟ. ನೆಲದಡಿಯ ಕೋಟೆಯಲ್ಲಿ ನಾಲ್ಕು ಮಂದಿಯನ್ನು ನಡೆಸಿಕೊಂಡು ಅಂತಸ್ತು ಅಂತಸ್ತಾಗಿ ಇಳಿಯಬೇಕು, ದೆವ್ವ ಭೂತ ಎದುರಾದರೆ ಬಡಿದಾಡಬೇಕು. ಅಲ್ಲಿ ಬರುವ ಇಂಗ್ಲಿಷ್ ಪ್ರಶ್ನೆಗಳ ಅರ್ಥವನ್ನೂ ಕಾವೇರಿಯೇ ಹೇಳಿಕೊಟ್ಟಿದ್ದಳು. ಬೆಟಗೇರಿಯ ಆ ಓಣಿಯ ಉಳಿದ ಹೆಂಗಸರು ಮಧ್ಯಾಹ್ನ ಧಾರಾವಾಹಿ ನೋಡುತ್ತ ಕೂತರೆ ಅಂಬವ್ವನಿಗೆ ಈ ಗೀಳು. ಮುಂದಿನ ತಿರುವಿನಲ್ಲಿ ಏನಿದೆಯೋ ನೋಡದಿದ್ದರೆ ಉಂಡದ್ದು ಕರಗುತ್ತಿರಲಿಲ್ಲ. ಆ ನಾಲ್ವರಿಗೂ ಮನೆಯವರದೇ ಹೆಸರಿಟ್ಟಿದ್ದಳು. ಕೊಡಲಿ ಹಿಡಿದು ಎಲ್ಲರಿಗಿಂತ ಮುಂದೆ ನಡೆಯುವವನು ನಿಂಗಪ್ಪ.

ಖರೇ ನಿಂಗಪ್ಪ, ಆಕೆಯ ಗಂಡ, ಗೋಡೆಗೊರಗಿ ಕೂತಿದ್ದ. ಮೊಣಕಾಲು ಕೈಕೊಟ್ಟವು ಎಂದು ಮಗ್ಗ ಬಿಚ್ಚಿಸಿ, ಕಾಲು ಇಳಿಬಿಟ್ಟು ಕೂತು ನೇಯುತ್ತಿದ್ದ ಮಗ್ಗದ ಕುಣಿಗೆ ಮಣ್ಣು ತುಂಬಿಸಿ ಫರಸಿ ಕಲ್ಲು ಹಾಸಿದ ದಿನದಿಂದ ಅವನ ಮಾತೇ ನಿಂತುಹೋಗಿತ್ತು. ಉಣ್ಣುತ್ತೀರೇನು ಎಂದರೆ ಹೂಂ, ಬೇಡವೇನು ಎಂದರೂ ಹೂಂ. ಒಮ್ಮೆಯಾದರೂ ಬಾಯಿ ಬಿಟ್ಟು ಮಾತಾಡಲಿ ಎಂಬುದೊಂದೇ ಅಂಬವ್ವನ ಆಸೆ.

ಈ ಅಂತಸ್ತು ದಾರಿ ತಪ್ಪಿಸುವಂಥದ್ದು. ಸೀರೆಯ ದಡಿಗೆ ಹೂವು ಬರೆಯಲು ಗಂಡ ಇಟ್ಟುಕೊಂಡಿದ್ದ ಚೌಕಳಿ ಹಾಳೆಯಲ್ಲಿ ಆಕೆ ಹೆಜ್ಜೆಗೊಂದು ಮನೆ ತುಂಬುತ್ತ ನಕ್ಷೆ ಬರೆದಿದ್ದಳು. ಎಡಭಾಗ ಮುಗಿದಿತ್ತು. ಬಲಭಾಗ ಸುತ್ತುವ ಗೋಜಿಗೇ ಹೋಗಲಿಲ್ಲ. ದಡಿಯ ಹೂವನ್ನು ಅರ್ಧ ಬರೆದರೆ ಸಾಕು, ಉಳಿದರ್ಧವನ್ನು ಮಗ್ಗವೇ ಮಗುಚಿ ನೇಯುತ್ತದಲ್ಲ! ಎಡಗಡೆಯದನ್ನೇ ಬಲಗಡೆಗೆ ಮಗುಚಿ ಗೀಚಿ, ಎಲ್ಲರನ್ನೂ ಧೈರ್ಯವಾಗಿ ನುಗ್ಗಿಸಿದಳು.

ನಕ್ಷೆಯ ಪ್ರಕಾರ ಬಾಗಿಲಿರಬೇಕಾದ ಕಡೆ ನೆಲವೇ ಇರಲಿಲ್ಲ. ಮುಂದಿದ್ದವನು ಬಿದ್ದ, ಉಳಿದ ಮೂವರು ದಂಡೆಯ ಮೇಲೆ ನಿಂತರು.

"ಅಯ್ಯ ಶಿವನ, ಸತ್ತಽ ಹೋದ್ರಲ್ಲ," ಎಂದಳು ಅಂಬವ್ವ.

ಗೋಡೆಯ ಕಡೆಯಿಂದ ಈ ಸಲ ಹೂಂ ಬರಲಿಲ್ಲ. "ಯಾರು?" ಎಂಬ ದನಿ ಬಂತು.

"ನೀವು."

"ನಾ? ಏನಾಗಿ?"

"ಕುಣಿಯಾಗ ಬಿದ್ದು."

"ಜೀವಮಾನೆಲ್ಲಾ ಕುಣಿಯಾಗ ಕಾಲ ಇಳಿಬಿಟ್ಟ ಕುಂತಾಂವ. ನಾ ಹೆಂಗ ಬಿದ್ದ ಸಾಯತೀನಿ?"

ತಿರುಗಿ ನೋಡಿದರೆ ಆ ಮಾತು ಎಲ್ಲಿ ನಿಂತುಬಿಡುತ್ತದೋ ಎಂದು ಅಂಬವ್ವ ಪರದೆಯನ್ನೇ ನೋಡುತ್ತ ಕೂತಳು. "ಮ್ಯಾಲಿನ ಅಂತಸ್ತಿನ ಗುಡಿಗೆ ಒಯ್ದರ ಜೀವ ಬರತೈತ್ರಿ, ಕಾವೇರಿ ಹೇಳ್ಯಾಳ. ಆದ್ರ ನನಗ ದಾರಿ ತಪ್ಪೈತಿ."

ನಿಂಗಪ್ಪ ಗೋಡೆ ಹಿಡಿದು ಎದ್ದ. ಕುಂಟುತ್ತ ಬಂದು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದ.

"ಬಲಕಿಂದು ಮಗಚಿ ಬರದೀಯೇನು?"

"ಹೂಂ."

"ಹುಚ್ಚಿ, ಇದೇನ ಸೀರಿ ದಡಿ ಅಂತ ತಿಳದೀ? ಈ ಕೋಟಿ ಕಟ್ಟಿದಾಂವ ನೇಕಾರ ಅಲ್ಲ."

ಎಷ್ಟೋ ದಿನದ ಮೇಲೆ ಗಂಡನಿಂದ ಬೈಸಿಕೊಂಡ ಅಂಬವ್ವನ ಕಣ್ಣು ತುಂಬಿದವು. ಅವನು ಬಲಭಾಗವನ್ನೆಲ್ಲ ರಬ್ಬರಿನಿಂದ ಅಳಿಸಿ, ಸ್ಟೂಲು ಎಳೆದುಕೊಂಡು ಕೂತ. "ಒಂದೊಂದ ಹೆಜ್ಜಿ ಇಡು. ನಾ ಬರಕೋತೀನಿ."

ಪರದೆಯ ಮೇಲೆ ಪ್ರಶ್ನೆಯೊಂದು ಮೂಡಿ ನಿಂತಿತ್ತು. ಅಂಬವ್ವನ ಬೆರಳು ತಡೆಯಿತು.

"ಸತ್ತಾಂವನ್ನ ಹೊತಗೊಂಡ ಹೋಗೂದೋ ಬಿಟ್ಟ ಹೋಗೂದೋ ಅಂತ ಕೇಳಾಕತ್ತೈತ್ರಿ. ಹೊತ್ತರ ಭಾರ ಆಗತೈತಿ, ಉಳದವ್ರು ಜಲ್ದಿ ನಡ್ಯಾಕ ಬರಂಗಿಲ್ಲ."

ನಿಂಗಪ್ಪನ ಪೆನ್ಸಿಲ್ಲು ಹಾಳೆಯ ಮೇಲೆ ನಿಂತಿತು. ಆಚೆ ಮನೆಯಲ್ಲಿ ಯಾರದೋ ಮಗ್ಗ ಸದ್ದು ಮಾಡುತ್ತಿತ್ತು. ಅವನು ಆ ಕಡೆ ಕಿವಿಗೊಟ್ಟ.

"ಬಿಡಬ್ಯಾಡ," ಎಂದ ಮೆತ್ತಗೆ. "ಭಾರಾದ್ರೂ ಹೊತಗೊಂಡ ನಡಿ."

ಅಂಬವ್ವ ಕೀಲಿ ಒತ್ತಿದಳು. ಅವನು ಹಾಳೆಯಲ್ಲಿ ಒಂದು ಮನೆ ತುಂಬಿ, ಮುಂದಿನದಕ್ಕೆ ಕಾದ.