ಕೊನೆಯ ದಿನ ಕಳೆದ ಚೆಂಡುಗಳು

ಪುಣೆಯಲ್ಲಿ ಪಂದ್ಯ ಮುಗಿಸಿ ಬೆಂಗಳೂರಿಗೆ ಹಿಂದಿರುಗುತ್ತಿದ್ದ ಕ್ಯಾತಣ್ಣನ ಬಸ್ಸು ಶಿರಾದಲ್ಲಿ ಕೆಟ್ಟು ನಿಂತದ್ದು 1983ರ ಮಾಘಮಾಸದ ಒಂದು ಬೆಳಿಗ್ಗೆ. ತುಮಕೂರಿನಿಂದ ಮೆಕ್ಯಾನಿಕ್ ಬರಬೇಕು, ಸಂಜೆಯಾದರೂ ಆಯಿತು ಎಂದ ಡ್ರೈವರ್. ಕಡಲೆಕಾಯಿ ಮಂಡಿಯ ಎದುರಿನ ಹೋಟೆಲಿನಲ್ಲಿ ಟೀ ಕುಡಿಯುತ್ತ ಕೂತ ಕ್ಯಾತಣ್ಣನಿಗೆ, ತಾನು ಹುಟ್ಟಿದ ಗೊಲ್ಲರ ಹಟ್ಟಿ ಮಧುಗಿರಿ ರಸ್ತೆಯಲ್ಲಿ ಅಲ್ಲಿಂದ ಹತ್ತೇ ಮೈಲಿ ಎಂಬುದು ಬೇಡವೆಂದರೂ ನೆನಪಾಗುತ್ತಿತ್ತು. ಎಂಟು ವರ್ಷದಿಂದ ಅವನು ಆ ಕಡೆ ತಲೆ ಹಾಕಿರಲಿಲ್ಲ.

ಹದಿನೈದನೇ ವಯಸ್ಸಿನಲ್ಲಿ, ಮಾರಾಟದ ಕುರಿಗಳನ್ನು ಹೊಡೆದುಕೊಂಡು ಬೆಂಗಳೂರಿಗೆ ಹೋದವನು ಅವನು. ಕುರಿಗಳು ಮಾರಾಟವಾದವು, ಅವನು ಅಲ್ಲೇ ಉಳಿದ. ಗಾಲ್ಫ್ ಮೈದಾನದಲ್ಲಿ ದೊಡ್ಡವರ ಕೋಲಿನ ಚೀಲ ಹೊರುವ ಕ್ಯಾಡಿಯಾದ. ಮೈದಾನಕ್ಕೆ ಬಿಡುವಿದ್ದ ಸೋಮವಾರಗಳಲ್ಲಿ, ಯಾರೋ ಎಸೆದ ಮುರುಕು ಕೋಲಿಗೆ ತಂತಿ ಸುತ್ತಿಕೊಂಡು ಹೊಡೆಯುವುದನ್ನು ಕಲಿತ. ಹೊಲದಾಚೆ ಹೋದ ಕುರಿಯನ್ನು ಕಲ್ಲು ಬೀಸಿ ತಿರುಗಿಸುತ್ತಿದ್ದ ಕೈ ಅದು. ಇಪ್ಪತ್ತೈದು ತುಂಬುವ ಹೊತ್ತಿಗೆ, ಆಟವನ್ನೇ ಕಸುಬಾಗಿಸಿಕೊಂಡ ಹತ್ತಿಪ್ಪತ್ತು ಮಂದಿಯ ಸಾಲಿನಲ್ಲಿ ಅವನ ಹೆಸರೂ ಇತ್ತು.

1975ರಲ್ಲಿ ಕಲ್ಕತ್ತಾದ ದೊಡ್ಡ ಪಂದ್ಯ. ನಾಲ್ಕು ದಿನದ ಆಟದಲ್ಲಿ ಮೂರು ದಿನ ಮುಗಿದು ಕ್ಯಾತಣ್ಣನೇ ಮುಂದಿದ್ದ. ಕೊನೆಯ ದಿನ ಬೆಳಿಗ್ಗೆ ತಂತಿ ಬಂತು: ಅವ್ವ ಜುಂಜಮ್ಮ ತೀರಿಕೊಂಡಳು, ಹೊರಟು ಬಾ. ಅವನು ಅದನ್ನು ಮಡಚಿ ಜೇಬಿಗಿಟ್ಟುಕೊಂಡು ಆಡಿದ. ಮಧ್ಯಾಹ್ನ ಒಂದು ಹೊಡೆತ ದಿಕ್ಕು ತಪ್ಪಿ ಚೆಂಡು ಕೊಳದಲ್ಲಿ ಮುಳುಗಿತು. ಆದರೂ ಗೆದ್ದ. ಪತ್ರಿಕೆಯಲ್ಲಿ ಫೋಟೋ ಬಂತು. ಆಮೇಲೆ ಊರಿಗೆ ಯಾವ ಮುಖ ಹೊತ್ತುಕೊಂಡು ಹೋಗುವುದೆಂದು ತಿಳಿಯಲಿಲ್ಲ. ಒಂದು ತಿಂಗಳು ಹೋಯಿತು, ಒಂದು ವರ್ಷ ಹೋಯಿತು, ಆಮೇಲೆ ಹೋಗದಿರುವುದೇ ಅಭ್ಯಾಸವಾಯಿತು.

ಈಗ ಟೀ ಲೋಟ ಕೆಳಗಿಟ್ಟವನು, ಹೋಟೆಲಿನವನ ಕಣ್ಣಳತೆಯಲ್ಲಿ ಚೀಲ ಬಿಟ್ಟು, ಮಧುಗಿರಿಯ ಕಡೆ ಹೊರಟಿದ್ದ ಖಾಸಗಿ ಬಸ್ಸು ಹತ್ತಿಬಿಟ್ಟ.

ಹಟ್ಟಿಯ ಮುಳ್ಳುಬೇಲಿಯ ಬಾಯಲ್ಲಿ ಬೂಟು ಕಳಚಿ ಒಳಗೆ ಕಾಲಿಟ್ಟಾಗ ಹೊತ್ತು ನೆತ್ತಿಗೇರಿತ್ತು. ಅಕ್ಕ ಗೌರಕ್ಕ ಗುಡಿಸಲ ಮುಂದೆ ಕೂತು ಉಣ್ಣೆ ಬಿಡಿಸುತ್ತಿದ್ದಳು. ಗಂಡ ಸತ್ತ ಮೇಲೆ ತವರಿಗೆ ಬಂದು, ಅವ್ವನ ಕುರಿಗಳನ್ನು ತಾನೇ ಕಾಯ್ದುಕೊಂಡು ಒಬ್ಬಳೇ ಇದ್ದವಳು. ತಲೆಯೆತ್ತಿ ನೋಡಿದಳು. ಅಳಲಿಲ್ಲ, ಬೈಯಲಿಲ್ಲ.

“ಬಂದ್ಯಾ? ಈ ಸಲ ಬಂದೇ ಬತ್ತೀಯಾ ಅಂತ ಅಂದ್ಕಂಡಿದ್ದೆ ಕಣ್ಲಾ ಕ್ಯಾತ,” ಅಂದಳು.

“ಬಸ್ಸು ಕೆಟ್ಟೋಯ್ತು ಅಕ್ಕ. ಇಲ್ದಿದ್ರೆ ಬತ್ತಿರ್ಲಿಲ್ಲ.”

“ಅದೂ ಗೊತ್ತು ಬುಡು.”

ಉಂಡ ಮೇಲೆ ಅವಳು ಒಳಗಿನಿಂದ ಒಂದು ಈಚಲ ಬುಟ್ಟಿ ತಂದು ಅವನ ಮುಂದಿಟ್ಟಳು. ಬುಟ್ಟಿಯಲ್ಲಿ ಕಂಬಳಿ ಚೂರಿನ ಮೇಲೆ ನಾಲ್ಕು ಗಾಲ್ಫ್ ಚೆಂಡುಗಳಿದ್ದವು.

ಯಾರೋ ಕಾರಿನವರು ಬಿಸಾಕಿ ಹೋಗಿರಬೇಕು ಎಂದುಕೊಂಡು ಕ್ಯಾತಣ್ಣ ಒಂದನ್ನು ಎತ್ತಿಕೊಂಡ. ತಿರುಗಿಸಿದಾಗ ಕೆಂಪು ಶಾಯಿಯ ಎರಡು ಚುಕ್ಕೆ, ಅವುಗಳ ಕೆಳಗೊಂದು ಗೀಟು ಕಂಡಿತು. ಅವನ ಬೆರಳು ಅಲ್ಲೇ ನಿಂತಿತು. ಪ್ರತಿಯೊಬ್ಬ ಆಟಗಾರನೂ ತನ್ನ ಚೆಂಡಿಗೆ ಒಂದು ಗುರುತು ಹಾಕಿಕೊಳ್ಳುತ್ತಾನೆ. ಅವನು ಹಾಕಿಕೊಳ್ಳುತ್ತಿದ್ದದ್ದು ತಮ್ಮ ಮನೆಯ ಕುರಿಗಳ ಬೆನ್ನಿಗೆ ಅವ್ವ ಬರೆಯುತ್ತಿದ್ದ ಗುರುತು. ಬೇರೆ ಯಾರೂ ಅದನ್ನು ಹಾಕುತ್ತಿರಲಿಲ್ಲ.

“ಎಲ್ಲಿ ಸಿಕ್ತು ಇದು?”

“ಅವ್ವುನ್ನ ಮಣ್ಣು ಮಾಡಿದ ದಿನ,” ಅಂದಳು ಗೌರಕ್ಕ. “ಎಲ್ರೂ ಹಟ್ಟಿ ಕಡೀಕೆ ತಿರುಗಿದ್ರು. ನಾನೊಬ್ಳೇ ಹಿಂದ್ಕೆ ಉಳ್ಕಂಡಿದ್ದೆ. ಮ್ಯಾಗ್ಲಿಂದ ದೊಪ್ಪಂತ ಬಿತ್ತು, ಅವ್ವನ ಗುಡ್ಡೆ ಮ್ಯಾಲೇನೆ. ಹಕ್ಕಿ ಇರ್ಲಿಲ್ಲ, ಮರ ಇರ್ಲಿಲ್ಲ. ಕೈಗೆ ತಗಂಡ್ರೆ ಒದ್ದೆ ಒದ್ದೆ. ಪಾಚಿ ಹತ್ಕಂಡಿತ್ತು.”

ಕ್ಯಾತಣ್ಣ ಚೆಂಡನ್ನು ಬುಟ್ಟಿಗೆ ಹಾಕಿ ಕೈ ತೆಗೆದ.

ಉಳಿದ ಮೂರರ ಸಂಗತಿಯನ್ನೂ ಅವಳು ಹಾಗೆಯೇ, ಕುರಿ ಈದ ಸುದ್ದಿ ಹೇಳುವಂತೆ ಹೇಳಿದಳು. ಎರಡನೆಯದು ಎರಡು ವರ್ಷ ಬಿಟ್ಟು, ಹಟ್ಟಿಯಿಂದಾಚೆ ಬೇವಿನ ಮರದ ಬುಡದಲ್ಲಿ ಬಿತ್ತು. ಮೂರನೆಯದು ಕುರಿರೊಪ್ಪದೊಳಗೆ ಬಿದ್ದು ಒಂದು ಟಗರಿನ ನೆತ್ತಿ ಒಡೆಯಿತು. ನಾಲ್ಕನೆಯದು ಹೋದ ವರ್ಷ, ಗುಡಿಸಲ ಬಾಗಿಲಿಗೆ ಎರಡು ಮಾರು ದೂರದಲ್ಲಿ. ಎಲ್ಲವೂ ಹಗಲು ಹೊತ್ತಿನಲ್ಲೇ, ನಿರ್ಮಲ ಆಕಾಶದಿಂದ.

ಅವನು ಮನಸ್ಸಿನಲ್ಲೇ ತಾಳೆ ಹಾಕಿದ. ವರ್ಷಕ್ಕೆ ನೂರಾರು ಚೆಂಡು ಕಳೆಯುತ್ತವೆ, ಅವು ಯಾವುವೂ ಇಲ್ಲಿಗೆ ಬಂದಿರಲಿಲ್ಲ. ಬಂದವು ನಾಲ್ಕೇ: ಕಲ್ಕತ್ತಾದ ಕೊಳದಲ್ಲಿ ಮುಳುಗಿದ್ದು, ದಿಲ್ಲಿಯಲ್ಲಿ ಕಾಂಪೌಂಡಿನಾಚೆ ಹಾರಿದ್ದು, ಮದರಾಸಿನಲ್ಲಿ ಪೊದೆ ಸೇರಿದ್ದು, ಮತ್ತೆ ಕಲ್ಕತ್ತಾದ್ದು. ನಾಲ್ಕೂ ದೊಡ್ಡ ಪಂದ್ಯಗಳ ಕೊನೆಯ ದಿನ ಕಳೆದವು.

“ಪ್ರತಿ ಸಲಾನೂ ಹತ್ರ ಬತ್ತಾ ಐತೆ ಅಕ್ಕ,” ಅಂದ. “ಇನ್ನೊಂದು ಬಂದ್ರೆ ಗುಡಿಸ್ಲು ಒಳಕ್ಕೇ ಬೀಳ್ತದೆ. ನೀನು ಇಲ್ಲಿರ್ಬೇಡ. ನನ್ ಜೊತೆ ಬಾ.”

“ಯಾಕ್ಲಾ ಹೆದರ್ತೀಯಾ? ಅವ್ವ ನಿನ್ನ ಮನೀಗೆ ಹೊಡ್ಕಂಡ್ ಬತ್ತಾ ಅವ್ಳೆ. ದಾರಿ ತಪ್ಪಿದ ಕುರೀನ ಹೊಡ್ಕಂಡ್ ಬರಲ್ವಾ, ಅಂಗೆ.” ಗೌರಕ್ಕ ಬುಟ್ಟಿಯನ್ನು ಮತ್ತೆ ಒಳಗಿಟ್ಟಳು. “ನಾನು ಕುರಿ ಬುಟ್ಟು ಎಲ್ಲಿಗೂ ಬರಲ್ಲ.”

“ಅವ್ವನ ಗುಡ್ಡೆ ನೋಡ್ಕಂಡ್ ಹೋಗು,” ಎಂದು ಅವಳು ಹೇಳಿದ್ದಕ್ಕೆ, ಬಸ್ಸಿಗೆ ಹೊತ್ತಾಯಿತು ಎಂದು ಅವನು ಹೊರಟುಬಿಟ್ಟ. ನಿಜಕ್ಕೂ ಅಲ್ಲಿಗೆ ಹೋಗಲು ಅವನಿಗೆ ಕಾಲು ಬರಲಿಲ್ಲ.

ಮೂರು ತಿಂಗಳ ನಂತರ ಬೆಂಗಳೂರಿನಲ್ಲೇ ಆ ವರ್ಷದ ದೊಡ್ಡ ಪಂದ್ಯ ನಡೆಯಿತು. ಅವನ ಚೀಲ ಹೊರುತ್ತಿದ್ದವನು ಪಾವಗಡದ ಕದಿರಯ್ಯ. ಕ್ಯಾತಣ್ಣನಿಗಿಂತ ಹತ್ತು ವರ್ಷ ದೊಡ್ಡವನು, ಮಾತಿನಲ್ಲಿ ಅರ್ಧ ತೆಲುಗು, ಗಾಳಿಯ ದಿಕ್ಕು ಹೇಳುವುದರಲ್ಲಿ ಒಮ್ಮೆಯೂ ತಪ್ಪದವನು. ಮೂರು ದಿನ ಕ್ಯಾತಣ್ಣ ಹಿಂದೆಂದೂ ಆಡದಷ್ಟು ಚೆನ್ನಾಗಿ ಆಡಿದ. ನಾಲ್ಕನೇ ದಿನ ಬೆಳಗಾದದ್ದೇ ಅವನ ಕೈ ಬಿಗಿಯಿತು. ಪ್ರತಿ ಹೊಡೆತಕ್ಕೂ ಮುಂಚೆ, ಗುಡಿಸಲ ಮುಂದೆ ಕೂತು ಉಣ್ಣೆ ಬಿಡಿಸುತ್ತಿದ್ದ ಅಕ್ಕನ ಬಗ್ಗಿದ ನೆತ್ತಿ ಕಣ್ಣೆದುರು ಬರುತ್ತಿತ್ತು. ಬೈತಲೆಯಲ್ಲಿ ಬಿಳಿಗೂದಲು.

ಕಡಿಮೆ ಹೊಡೆತದಲ್ಲಿ ಚೆಂಡನ್ನು ಗುಳಿಗೆ ಬೀಳಿಸಿದವನು ಗೆಲ್ಲುವ ಆಟ ಅದು. ಹದಿನೆಂಟನೆಯ, ಕಟ್ಟಕಡೆಯ ಗುಳಿಗೆ ಬಂದಾಗ ಅವನೂ ಎದುರಾಳಿಯೂ ಸಮಸಮ. ಎದುರಾಳಿ ಎರಡೇ ಹೊಡೆತದಲ್ಲಿ ಚೆಂಡನ್ನು ಗುಳಿಯಲ್ಲಿ ನೆಟ್ಟ ಬಾವುಟದ ಬಳಿಗೆ ತಲುಪಿಸಿದ್ದ. ಕ್ಯಾತಣ್ಣನ ಚೆಂಡಿಗೂ ಬಾವುಟಕ್ಕೂ ನಡುವೆ ಒಂದು ಕೊಳ. ಉದ್ದನೆಯ ಕೋಲು ಹಿಡಿದು ನೀರಿನ ಮೇಲೆ ಹಾರಿಸಿದರೆ ಗೆಲ್ಲಬಹುದು. ಅಂಥ ಹೊಡೆತವನ್ನು ಹತ್ತರಲ್ಲಿ ಏಳೆಂಟು ಸಲ ದಾಟಿಸುವ ಕೈ ಅವನದು.

ಕದಿರಯ್ಯ ಉದ್ದನೆಯ ಕೋಲನ್ನು ಚೀಲದಿಂದ ಅರ್ಧ ಎಳೆದಿದ್ದ.

“ಅದು ಬೇಡ. ಚಿಕ್ಕದು ಕೊಡು,” ಅಂದ ಕ್ಯಾತಣ್ಣ.

“ಏಮನ್ನಾ, ಗಾಳಿ ಹಿಂದ್ಗಡೆಯಿಂದ ಐತೆ. ದಾಟ್ತದೆ.”

“ದಾಟ್ದೆ ಹೋದ್ರೆ?”

“ಹೋದ್ರೆ ಹೋಗ್ಲಿ. ನೀರಾಗೆ ಒಂದು ಚೆಂಡು ಹೋದ್ರೆ ಏನು, ಯಾರ್ನಾದ್ರೂ ಸಾಯಿಸ್ತದಾ?”

ಕ್ಯಾತಣ್ಣ ಅವನ ಮುಖವನ್ನೇ ನೋಡಿದ. ಆಮೇಲೆ ಕೈ ನೀಡಿ ಚಿಕ್ಕ ಕೋಲನ್ನು ತಾನೇ ತೆಗೆದುಕೊಂಡ. ಚೆಂಡನ್ನು ನೀರಿನ ಈಚೆ ದಡಕ್ಕೆ, ಮಗುವನ್ನು ಇಳಿಸಿದಷ್ಟು ಮೆಲ್ಲಗೆ ಇಳಿಸಿದ. ಸುತ್ತ ನಿಂತ ಜನ ಗೊಣಗಿದ್ದು ಕೇಳಿಸಿತು. ಒಂದೇ ಹೊಡೆತದ ಅಂತರದಲ್ಲಿ ಸೋತ. ಮಾರನೆಯ ದಿನದ ಪತ್ರಿಕೆಯೊಂದು, ಗೆಲುವನ್ನು ಕಂಡು ಹೆದರಿದ ಆಟಗಾರ ಎಂದು ಬರೆಯಿತು.

ಆ ಪತ್ರಿಕೆ ಓದುವಷ್ಟು ಹೊತ್ತು ಅವನು ಬೆಂಗಳೂರಿನಲ್ಲಿರಲಿಲ್ಲ. ಊರಿಗೆ ಹೊರಟಿದ್ದ ಕದಿರಯ್ಯನ ಜೊತೆ ಬೆಳಗಿನ ಪಾವಗಡದ ಬಸ್ಸು ಹತ್ತಿದ್ದ. ಬಸ್ಸಿನ ತುಂಬ ಗೊರವನಹಳ್ಳಿ ಲಕ್ಷ್ಮಿಯ ದರ್ಶನಕ್ಕೆ ಹೊರಟ ಹೆಂಗಸರು. ಅವರೆಲ್ಲ ಕೊರಟಗೆರೆಯಲ್ಲಿ ಇಳಿದ ಮೇಲೆ, ಖಾಲಿಯಾದ ಸೀಟುಗಳ ನಡುವೆ ಕ್ಯಾತಣ್ಣ ನಡೆದದ್ದನ್ನೆಲ್ಲ ಹೇಳಿದ. ಕದಿರಯ್ಯ ನಗಲಿಲ್ಲ. ಮಧುಗಿರಿಯ ಏಕಶಿಲಾ ಬೆಟ್ಟ ಕಿಟಕಿಯಲ್ಲಿ ಕಾಣಿಸಿದಾಗ, “ಅಮ್ಮನ್ನ ನೋಡ್ಕಂಡ್ ಬಾ ಅನ್ನಾ,” ಎಂದಷ್ಟೇ ಹೇಳಿ ಅವನ ಭುಜ ಒತ್ತಿದ.

ಮಧುಗಿರಿಯಲ್ಲಿ ಬಸ್ಸು ಬದಲಿಸಿ ಹಟ್ಟಿಗೆ ಬಂದಾಗ ಮತ್ತೆ ಮಧ್ಯಾಹ್ನವೇ. ಗೌರಕ್ಕ ರೊಪ್ಪದಲ್ಲಿ ಮರಿಗೆ ಸೊಪ್ಪು ಹಾಕುತ್ತಿದ್ದಳು. ಅವನು ಮೊದಲು ಗುಡಿಸಲ ಸೂರು ನೋಡಿದ. ಎಲ್ಲೂ ತೂತು ಬಿದ್ದಿರಲಿಲ್ಲ.

“ನಿನ್ನೆ ಏನಾದ್ರೂ ಬಿತ್ತಾ?”

“ಏನೂ ಬೀಳ್ಲಿಲ್ಲ. ದಿನಾನೂ ಹಾದಿ ನೋಡ್ತಿದ್ದೆ. ಬಾಗ್ಲು ತೆಗ್ದೇ ಇಟ್ಟಿದ್ದೆ.” ಅವಳ ದನಿಯಲ್ಲಿ ಚೂರು ಬೇಜಾರಿದ್ದ ಹಾಗಿತ್ತು. ಆಮೇಲೆ, “ಇರು, ಎಡೆ ಮಾಡ್ತೀನಿ. ಇವತ್ತು ತಪ್ಪಿಸ್ಕಣಂಗಿಲ್ಲ,” ಅಂದಳು.

ಮುದ್ದೆ, ಅವರೆಕಾಳಿನ ಸಾರು, ಎಲೆಯಡಿಕೆ ಒಂದು ಮೊರದಲ್ಲಿಟ್ಟುಕೊಂಡು ಅವಳು ಮುಂದೆ ನಡೆದಳು. ಹಿಂದೆ, ಅವಳು ಕೈಗಿತ್ತ ಚೆಂಡುಗಳ ಬುಟ್ಟಿ ಹಿಡಿದು ಕ್ಯಾತಣ್ಣ. ಅರ್ಧ ಮೈಲಿ ನಡೆಯುವಷ್ಟರಲ್ಲಿ ಒಂದು ಹಕ್ಕಿಯ ದನಿಯೂ ಕೇಳಿಸಲಿಲ್ಲ. ಅವರಿಬ್ಬರ ಹೆಜ್ಜೆಯ ಸದ್ದು ಮಾತ್ರ, ಅದೂ ಎಲ್ಲೋ ದೂರದಲ್ಲಿ ಬೇರೆ ಯಾರೋ ನಡೆಯುತ್ತಿದ್ದಂತೆ.

ಅವ್ವನ ಗುಡ್ಡೆಯ ಮೇಲೆ ಸಣ್ಣ ಹುಲ್ಲು ಬೆಳೆದಿತ್ತು. ಸುತ್ತಲಿನ ಬಯಲೆಲ್ಲ ಬಿಸಿಲಿಗೆ ಬೂದು ಬಣ್ಣ, ಇಲ್ಲಿ ಮಾತ್ರ ಒತ್ತಾದ, ಕತ್ತರಿಸಿದಂತೆ ಸಮನಾದ ಹಸಿರು. ನಟ್ಟನಡುವೆ ಒಂದು ಗುಂಡನೆಯ ತೂತು.

“ಯುಗಾದಿ ಆದ್ಮೇಲೆ ಕಂಡೆ,” ಅಂದಳು ಗೌರಕ್ಕ. “ಹಾವಿನ ಬಿಲ ಅಲ್ಲ. ಹುಚ್ಚಣ್ಣನೂ ಬಂದು ನೋಡ್ದ, ಹಟ್ಟಿ ಯಜಮಾನ. ಇಂಥದ್ದು ತಾನು ಕಂಡಿಲ್ಲ ಅಂದ.”

ಕ್ಯಾತಣ್ಣ ಮಂಡಿಯೂರಿದ. ಇಪ್ಪತ್ತು ವರ್ಷ ದಿನಕ್ಕೆ ಹದಿನೆಂಟು ಸಲ ಕೈ ಹಾಕಿ ಚೆಂಡು ಎತ್ತಿಕೊಂಡ ಗುಳಿಯ ಅಳತೆ ಅವನ ಬೆರಳಿಗೆ ಗೊತ್ತಿತ್ತು. ಇದು ಅದೇ. ಅಂಚಿನ ಮಣ್ಣು ಒಂದು ಕಾಳಿನಷ್ಟೂ ಉದುರಿರಲಿಲ್ಲ. ಒಳಗೆ ಬಗ್ಗಿ ನೋಡಿದ. ಸುಡುವ ಮಧ್ಯಾಹ್ನದಲ್ಲಿ ಆ ತೂತಿನಿಂದ ತಣ್ಣನೆಯ ಗಾಳಿ ಎದ್ದು ಮುಖಕ್ಕೆ ತಾಗಿತು. ಅದರಲ್ಲಿ ಕೊಳದ ಪಾಚಿಯ ವಾಸನೆ ಇತ್ತು.

ಓಡಿಬಿಡಬೇಕು ಅನ್ನಿಸಿತು. ಆದರೆ ಅಕ್ಕ ಪಕ್ಕದಲ್ಲೇ ಎಡೆ ಇಟ್ಟು, ಸೆರಗು ಸರಿಮಾಡಿಕೊಂಡು, ಅವನು ಏನಾದರೂ ಹೇಳುತ್ತಾನೆಂದು ಕಾಯುತ್ತಿದ್ದಳು. ಎಂಟು ವರ್ಷದಿಂದ ಅವನು ಮನಸ್ಸಿನಲ್ಲಿ ಎಷ್ಟೋ ಮಾತು ಕಟ್ಟಿಟ್ಟಿದ್ದ. ಪಂದ್ಯ ನಡುವೆ ಬಿಡುವ ಹಾಗಿರಲಿಲ್ಲ, ರೈಲು ಎರಡು ದಿನ ಹಿಡಿಯುತ್ತಿತ್ತು, ಬಂದಿದ್ದರೂ ಅವ್ವನ ಮುಖ ನೋಡಲು ಸಿಗುತ್ತಿರಲಿಲ್ಲ. ಅವನ್ನೆಲ್ಲ ಬಿಟ್ಟು ಗುಡ್ಡೆಯ ಹುಲ್ಲಿನ ಮೇಲೆ ಅಂಗೈ ಊರಿದ.

“ಅವ್ವ, ಆವತ್ತು ನಾನು ಹೊರಡ್ಬೇಕಾಗಿತ್ತು,” ಅಂದ. “ಗೆಲ್ಲೋ ಆಸೆ ಇತ್ತು. ಅದ್ಕೇ ಹೊರಡ್ಲಿಲ್ಲ.”

ಬುಟ್ಟಿಯಿಂದ ಮೊದಲ ಚೆಂಡು ತೆಗೆದು ತೂತಿನೊಳಗೆ ಬಿಟ್ಟ. ಸದ್ದಿಗಾಗಿ ಕಾದ. ಚೆಂಡು ಗುಳಿಯ ತಳ ಮುಟ್ಟಿದಾಗ ಬರುವ ಆ ಟೊಳ್ಳು ಸದ್ದನ್ನು ಅವನ ಕಿವಿ ನಿದ್ದೆಯಲ್ಲೂ ಗುರುತಿಸುತ್ತಿತ್ತು. ಬರಲಿಲ್ಲ. ಎರಡನೆಯದು ಬಿಟ್ಟ. ಮೂರನೆಯದು, ನಾಲ್ಕನೆಯದು. ಯಾವುದೂ ತಳ ಮುಟ್ಟಲಿಲ್ಲ. ಅವು ಇನ್ನೂ ಬೀಳುತ್ತಲೇ ಇವೆ ಎನ್ನಿಸುವಷ್ಟು ಹೊತ್ತು ಅವನು ಕಿವಿಗೊಟ್ಟು ಕೂತಿದ್ದ. ಕಣ್ಣಿಂದ ನೀರು ಇಳಿಯುತ್ತಿದ್ದದ್ದು ಅಕ್ಕ ಮುಖ ಒರೆಸಿದಾಗಲೇ ಗೊತ್ತಾದದ್ದು.

“ಏಳು, ಬಿಸ್ಲು ಜಾಸ್ತಿ ಆಯ್ತು,” ಅಂದಳು ಅವಳು.

ಮೂರು ದಿನ ಹಟ್ಟಿಯಲ್ಲಿದ್ದು, ಹೊರಡುವ ಬೆಳಿಗ್ಗೆ ಅವನು ಒಬ್ಬನೇ ಅಲ್ಲಿಗೆ ಹೋದ. ತೂತು ಇರಲಿಲ್ಲ. ಮುಚ್ಚಿದ ಗುರುತೂ ಇರಲಿಲ್ಲ. ಹುಲ್ಲು ಸುತ್ತಲ ಬಯಲಿನ ಹಾಗೆಯೇ ಒಣಗಿ ಬೂದು ಬಣ್ಣಕ್ಕೆ ತಿರುಗಿತ್ತು, ಅದರ ಮೇಲೆ ಇರುವೆಗಳು ಸಾಲು ಕಟ್ಟಿದ್ದವು.

ಕ್ಯಾತಣ್ಣ ಮತ್ತೆ ನಾಲ್ಕು ವರ್ಷ ಆಡಿದ. ದೊಡ್ಡ ಪಂದ್ಯ ಒಂದನ್ನೂ ಗೆಲ್ಲಲಿಲ್ಲ. ವರ್ಷಕ್ಕೆರಡು ಸಲ ಊರಿಗೆ ಹೋಗಿ ಬರುತ್ತಿದ್ದ. 1987ರಲ್ಲಿ ಮದರಾಸಿನ ಪಂದ್ಯದ ಕೊನೆಯ ದಿನ, ಕದಿರಯ್ಯ ಬೇಡವೆಂದರೂ ಕೇಳದೆ, ಅವ್ವ ಇನ್ನೂ ಕರೆಯುತ್ತಾಳೋ ಎಂದು ನೋಡುವವನಂತೆ, ಉದ್ದನೆಯ ಕೋಲು ಹಿಡಿದು ಚೆಂಡನ್ನು ನೀರಿನ ಮೇಲೆ ಹಾರಿಸಿದ. ಅದು ದಾಟಲಿಲ್ಲ. ಅಂದೇ ಸಂಜೆ ಕೂತು ಅಕ್ಕನಿಗೆ ಕಾಗದ ಬರೆದ: ಭಾನುವಾರ ಮಧ್ಯಾಹ್ನ ಏನಾದರೂ ಬಿತ್ತೇ?

ಹತ್ತು ದಿನದ ಮೇಲೆ ಉತ್ತರ ಬಂತು, ಗೌರಕ್ಕ ಯಾರಿಂದಲೋ ಬರೆಸಿದ ಒಂದು ಕಾರ್ಡು. ಏನೂ ಬಿದ್ದಿಲ್ಲ, ಎರಡು ಕುರಿ ಈದಿವೆ, ಗುಡಿಸಲಿಗೆ ಹೊಸ ಹುಲ್ಲು ಹೊದಿಸಬೇಕು, ಯಾವಾಗ ಬರುತ್ತಿ. ಅವನಿಗೆ ಸಮಾಧಾನವಾಗಬೇಕಿತ್ತು. ಕಾರ್ಡನ್ನು ಎರಡು ಸಲ ಓದಿ, ಮಡಚಿ ಜೇಬಿಗಿಟ್ಟು, ಮೈದಾನದ ಅಂಚಿನ ಬೆಂಚಿನ ಮೇಲೆ ಕೂತ. ಇನ್ನು ಮುಂದೆ ಊರಿಗೆ ತಾನಾಗಿಯೇ ಹೋಗಬೇಕು, ತನ್ನನ್ನು ಕುರಿಯಂತೆ ಹೊಡೆದುಕೊಂಡು ಹೋಗುವವರು ಯಾರೂ ಇಲ್ಲ ಎಂಬುದು ಅವನಿಗೆ ಆಗ ತಿಳಿಯಿತು.