ಎಡ ಅಂಗೈ

ಆಶ್ರಮದ ಬಾಗಿಲ ಒಳಗೆ ನಡೆದದ್ದನ್ನು ಹೊರಗಿನವರು ಹೇಳಹೊರಡುವುದು ಅಧಿಕಪ್ರಸಂಗವೇ ಸರಿ. ಅದರಲ್ಲೂ ಇಬ್ಬರ ದೇವರ ವಿಷಯ. ತಪ್ಪಿದ್ದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಶಿವಲಿಂಗಮ್ಮ ಆ ಬೆಳಿಗ್ಗೆಯೂ ಗಂಜಿಯ ಚಮಚಕ್ಕೆ ತುಟಿ ತೆರೆಯಲಿಲ್ಲ. ಸಿಸ್ಟರ್ ಸೆವ್ರಿನ್ ಚಮಚ ಹಿಡಿದುಕೊಂಡೇ ಮಂಚದ ಅಂಚಿನಲ್ಲಿ ಕೂತಿದ್ದರು. ಹಾವೇರಿ ಕಡೆಯ ಈ ಮುದುಕಿ ಪೀಣ್ಯದ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ರೊಟ್ಟಿ ತಟ್ಟುತ್ತಿದ್ದವಳು. ಲಕ್ವ ಹೊಡೆದು ಎಡಭಾಗ ಬಿದ್ದುಹೋಯಿತು. ತನ್ನವರೆನ್ನುವವರು ಯಾರೂ ಬಾರದ್ದರಿಂದ ಆಸ್ಪತ್ರೆಯವರು ಮಾಕಳಿಯಲ್ಲಿ ಕ್ರೈಸ್ತ ಸಿಸ್ಟರುಗಳು ನಡೆಸುವ ಈ ಆಶ್ರಮಕ್ಕೆ ತಂದು ಬಿಟ್ಟಿದ್ದರು. ಬಂದ ದಿನ ಹಾಲು ಕುಡಿದಿದ್ದಳು. ಮರುದಿನ ಸ್ನಾನವಾದ ಮೇಲೆ ಮುಚ್ಚಿದ ಬಾಯನ್ನು ನೀರಿಗೂ ತೆರೆದಿರಲಿಲ್ಲ. ಹೀಗೇ ಆದರೆ ಉಳಿಯುವುದು ಕಷ್ಟವೆಂದು ಡಾಕ್ಟರು ಹೇಳಿಹೋಗಿದ್ದರು.

ಏನು ಮಾಡುವುದೆಂದು ಕೇಳೋಣವೆಂದರೆ ಜೊತೆಯ ಸಿಸ್ಟರುಗಳಿಲ್ಲ. ಒಬ್ಬರು ತೀರಿಕೊಂಡಿದ್ದರು, ಇನ್ನೊಬ್ಬರಿಗೆ ವರ್ಗವಾಗಿತ್ತು. ಒಬ್ಬರು ಅರ್ಧ ಹೇಳಿ ಉಳಿದವರು ಅರ್ಧ ಮುಗಿಸುವ ಜಪಮಾಲೆಯನ್ನು ಸಂಜೆ ಸೆವ್ರಿನ್ ಒಬ್ಬರೇ ಹೇಳಿ, ಉತ್ತರವನ್ನೂ ತಾವೇ ಕೊಟ್ಟುಕೊಳ್ಳುತ್ತಿದ್ದರು.

"ನನ್ನ ಲಿಂಗ ಎಲ್ಲೈತಿ, ಯವ್ವಾ?" ಮುದುಕಿಯ ನಾಲಿಗೆ ತೊದಲಿತು. "ಅದು ಮೈಮ್ಯಾಲಿಲ್ದ ನೀರು ಇಳಿಯಂಗಿಲ್ಲ."

ಸಿಸ್ಟರಿಗೆ ಆಗ ನೆನಪಾಯಿತು. ಸ್ನಾನದ ಹೊತ್ತು ಕೊರಳಲ್ಲಿ ಜಿಡ್ಡುಗಟ್ಟಿದ ದಾರ, ಅದರಲ್ಲೊಂದು ಬಟ್ಟೆಗಂಟು. ಎಲ್ಲರಿಗೂ ಮಾಡುವಂತೆ ಕತ್ತರಿಯಿಂದ ಕತ್ತರಿಸಿ ಕಿವಿಯೋಲೆಗಳ ಜೊತೆ ಬೀರುವಿನಲ್ಲಿಟ್ಟು ಮರೆತಿದ್ದರು. ಓಡಿಹೋಗಿ ತಂದರು. ತಪ್ಪಾಯಿತೆಂದರು, ಗೊತ್ತಿರಲಿಲ್ಲವೆಂದರು.

ದೇಹದಿಂದ ಅಗಲಿದ್ದನ್ನು ಪೂಜೆ ಮಾಡಿಯೇ ಮತ್ತೆ ಕಟ್ಟಬೇಕಂತೆ. ಅದೂ ಎಡ ಅಂಗೈಯಲ್ಲಿಟ್ಟುಕೊಂಡು. ಆಯಾ ರಾಮಮ್ಮ ಎದುರಿನ ಅಂಗಡಿಯಿಂದ ವಿಭೂತಿ ತಂದಳು, ದಿಂಬು ಕೊಟ್ಟು ಕೂರಿಸಿದಳು. ಮುದುಕಿ ಬಲಗೈಯಿಂದ ಲಿಂಗವನ್ನು ಸತ್ತ ಎಡಗೈಯ ಮೇಲಿಟ್ಟಳು. ಅದು ಹೊದಿಕೆಗೆ ಉರುಳಿತು. ಮತ್ತೆ ಇಟ್ಟಳು, ಮತ್ತೆ ಉರುಳಿತು.

"ನಿನ್ನ ಕೈ ಕೊಡು," ಎಂದಳು ಸಿಸ್ಟರಿಗೆ.

"ಸಿಸ್ಟರಮ್ಮ, ನಿಮ್ಮೋರು ಕಂಡ್ರೆ ಸುಮ್ಕಿರ್ತಾರಾ?" ರಾಮಮ್ಮ ಮೆಲ್ಲಗೆ ಕೇಳಿದಳು. "ನಾನೇನೋ ಯಾರ್ಗೂ ಏಳಾಕಿಲ್ಲ."

ಬೇರೆ ದೇವರು ನಿನಗಿರಬಾರದು ಎಂದು ಎಷ್ಟೋ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದವರು ಸೆವ್ರಿನ್. ಮೇಲಿನ ಮದರ್ ಸುಪೀರಿಯರ್‌ಗೆ ಫೋನ್ ಮಾಡಿ ಕೇಳಬಹುದಿತ್ತು. ಮೊಬೈಲ್ ಕೈಗೆತ್ತಿಕೊಂಡರು ಕೂಡ. ಮುದುಕಿಯ ಒಣಗಿ ಬಿರಿದ ತುಟಿ ಕಂಡಿತು. ಮೊಬೈಲ್ ಕೆಳಗಿಟ್ಟು, ಕೈ ತೊಳೆದು ಬಂದು, ಎಡಗೈ ಚಾಚಿದರು.

"ನೀ ಲಿಂಗ ಕಟ್ಟೀಯೇನು?"

"ಇಲ್ಲಮ್ಮ."

ಮುದುಕಿ ಅವರ ಕೊರಳ ಶಿಲುಬೆಯನ್ನು ಬಹಳ ಹೊತ್ತು ನೋಡಿದಳು. ಬೇಡವೆನ್ನುತ್ತಾಳೆಂದು ಸಿಸ್ಟರ್ ಹೆದರಿದರು.

"ಇರ್ಲಿ ಬಿಡು. ಕೈ ಬೆಚ್ಚಗೈತಿ."

ತುಮಕೂರು ರಸ್ತೆಯಲ್ಲಿ ಲಾರಿಗಳು ಹೋಗುತ್ತಲೇ ಇದ್ದವು. ಸಿಸ್ಟರ್ ಅಂಗೈಯಲ್ಲಿ ಆ ಪುಟ್ಟ ಕಪ್ಪು ಲಿಂಗದ ಮೇಲೆ ಮುದುಕಿ ಹನಿ ಹನಿಯಾಗಿ ನೀರೆರೆದಳು, ವಿಭೂತಿ ಹಚ್ಚಿದಳು, ಕಣ್ಣುಮುಚ್ಚಿ ಏನೋ ಹೇಳಿಕೊಂಡಳು. ತೋಳು ಸೋತರೂ ಸಿಸ್ಟರ್ ಕೆಳಗಿಳಿಸಲಿಲ್ಲ. ಆಮೇಲೆ ಹೊಸ ದಾರದಲ್ಲಿ ಕಟ್ಟಿಸಿಕೊಂಡು ಮುದುಕಿ ಬಾಯಿ ತೆರೆದಳು.

ಸೆವ್ರಿನ್ ಬಲಗೈಯಿಂದ ಗಂಜಿ ಕುಡಿಸುತ್ತ ಹೋದರು. ಒದ್ದೆ ಬೂದಿಯ ಎಡಗೈ ಅವರ ಮಡಿಲಲ್ಲಿ ತೆರೆದೇ ಇತ್ತು. ಅದನ್ನು ಅವರು ಯಾವಾಗ ತೊಳೆದುಕೊಂಡರೋ, ಆ ವಾರದ ಪಾಪನಿವೇದನೆಯಲ್ಲಿ ಗುರುಗಳ ಮುಂದೆ ಇದನ್ನು ಹೇಳಿಕೊಂಡರೋ ಇಲ್ಲವೋ, ತಿಳಿಯದು.